ತಂಗಡಿಗೆ ಕಳೆ ಅನ್ನೋರಿಗೆ ನಾಲ್ಕು ಮಾತು

ಮಳೆಗಾಲ ಶುರುವಾದರೆ ಸಾಕು, ಬೆಂಗಳೂರಿನ ಅರ್ಧ ಐಟಿ ಜನ ಕೆಮ್ಮಣ್ಣುಗುಂಡಿಯಲ್ಲಿ ಇರ್ತಾರೆ. ಝಡ್ ಪಾಯಿಂಟ್, ಹೆಬ್ಬೆ ಜಲಪಾತ, ಮಂಜು, ಗುಲಾಬಿ ತೋಟ... ಸೋಮವಾರ ಆಫೀಸಿಗೆ ಬಂದು ನೋಡಿದರೆ ಎಲ್ಲರ ಫೋನಿನಲ್ಲೂ ಅವೇ ಫೋಟೋಗಳು. ಹೋಗಲಿ ಬಿಡಿ, ಬೆಟ್ಟ ಚೆನ್ನಾಗಿದೆ, ಹೋಗ್ತಾರೆ. ನನ್ನ ತಕರಾರು ಬೇರೆ. ಅದೇ ಬೆಟ್ಟಕ್ಕೆ ಹೋಗೋ ದಾರಿಯಲ್ಲಿ, ಅರಸೀಕೆರೆ ದಾಟಿದ ಮೇಲೆ ಕಡೂರು, ಬೀರೂರು, ತರೀಕೆರೆ ಕಡೆಗೆ ರಸ್ತೆಯ ಪಕ್ಕದಲ್ಲಿ ಒಂದು ಗಿಡ ಮೈತುಂಬ ಹಳದಿ ಹೂ ಹೊತ್ತು ನಿಂತಿರುತ್ತೆ. ಅದರ ಫೋಟೋ ಮಾತ್ರ ಯಾರ ಹತ್ತಿರವೂ ಇಲ್ಲ. ಕೇಳಿದರೆ "ಯಾವ್ದೋ ಕಾಡುಗಿಡ ಕಣೋ" ಅಂತಾರೆ. ಊರಿನವರನ್ನು ಕೇಳಿದರೆ "ಕಳೆ" ಅಂತಾರೆ. ಸರ್ಕಾರದ ಕಾಗದ ನೋಡಿದರೆ ಆ ಗಿಡದ ಹೆಸರೇ ಇಲ್ಲ, ಅದು ನಿಂತ ನೆಲಕ್ಕೆ "ಖರಾಬು" ಅಂತ ಬರೆದಿದೆ.

ನನ್ನ ಪ್ರಕಾರ ಈ ಮೂರು ಉತ್ತರವೂ ತಪ್ಪು. ಅದರಲ್ಲೂ ಮೂರನೆಯದು ಬರೀ ತಪ್ಪಲ್ಲ, ಅಪಾಯ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದವಾಗುತ್ತೆ, ಸಹಿಸಿಕೊಳ್ಳಿ.

ಗಿಡದ ಹೆಸರು ತಂಗಡಿ. ಕೆಲವು ಕಡೆ ಆವರಿಕೆ, ಹೊನ್ನಾವರಿಕೆ ಅಂತಾರೆ. ತೆಲುಗಿನವರಿಗೆ ತಂಗೇಡು, ತಮಿಳರಿಗೆ ಆವಾರಂ. ಸಸ್ಯಶಾಸ್ತ್ರದಲ್ಲಿ ಈಗಿನ ಹೆಸರು ಸೆನ್ನಾ ಆರಿಕ್ಯುಲೇಟಾ. 1753ರಲ್ಲಿ ಲಿನೇಯಸ್ ಇಟ್ಟಿದ್ದು ಕ್ಯಾಸಿಯಾ ಆರಿಕ್ಯುಲೇಟಾ ಅಂತ. ಆರಿಕ್ಯುಲೇಟಾ ಅಂದರೆ ಕಿವಿ ಇರುವುದು. ಎಲೆಯ ಬುಡದಲ್ಲಿ ಕಿವಿಯಂಥ ಪುಟ್ಟ ಎಲೆಗಳಿರುತ್ತವೆ, ಅದನ್ನು ನೋಡಿದರೆ ಗುರುತು ತಪ್ಪೋದಿಲ್ಲ. ಅವರೆ, ತೊಗರಿ, ಹೊಂಗೆ, ಹುಣಸೆ ಎಲ್ಲ ಇರುವ ದೊಡ್ಡ ಕುಟುಂಬದ್ದೇ ಇದೂ. ಸುಮಾರು ಆಳೆತ್ತರದ ಪೊದೆ, ಕಂದು ತೊಗಟೆ, ತೆಳ್ಳಗೆ ಚಪ್ಪಟೆ ಕಾಯಿ. ಗರಸು ನೆಲ, ಕೆಂಪು ನೆಲ, ಸವಳು ನೆಲ, ಎಲ್ಲಿ ಬೇಕಾದರೂ ಬರುತ್ತೆ. ಬರ ಬಂದರೂ ಸಾಯಲ್ಲ. ಬುಡಕ್ಕೆ ಕಡಿದರೆ ಮತ್ತೆ ಚಿಗುರುತ್ತೆ.

ಹೂವಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಈ ಹೂವಿನಲ್ಲಿ ಮಕರಂದ ಇಲ್ಲ, ಪರಾಗ ಮಾತ್ರ. ಅದೂ ಕೇಸರಗಳ ತುದಿಯ ಸಣ್ಣ ತೂತಿನೊಳಗೆ ಭದ್ರವಾಗಿರುತ್ತೆ. ಬಡಗಿ ದುಂಬಿಯಂಥ ದಪ್ಪ ದುಂಬಿ ಬಂದು ಹೂವನ್ನು ತಬ್ಬಿ ಗುಂಯ್ ಅಂತ ಮೈ ನಡುಗಿಸಬೇಕು, ಆಗ ಉಪ್ಪಿನ ಡಬ್ಬಿ ಅಲ್ಲಾಡಿಸಿದ ಹಾಗೆ ಪರಾಗ ಉದುರುತ್ತೆ. ಕೆಲವು ಕೇಸರಗಳು ದುಂಬಿಯ ಊಟಕ್ಕೆ, ಕೆಲವು ದುಂಬಿಯ ಮೈಗೆ ಅಂಟಿ ಇನ್ನೊಂದು ಹೂವಿಗೆ ಹೋಗೋಕೆ! ಕಳೆ ಅಂತ ಕರೆದ ಗಿಡದೊಳಗೆ ಇಷ್ಟೆಲ್ಲ ವ್ಯವಸ್ಥೆ ಇದೆ.

ಈಗ ಊರಿನ ವಿಷಯಕ್ಕೆ ಬರ್ತೀನಿ. ಕೆಮ್ಮಣ್ಣುಗುಂಡಿ ಇರೋದು 1434 ಮೀಟರ್ ಎತ್ತರದಲ್ಲಿ, ಬಾಬಾಬುಡನ್‌ಗಿರಿ ಸಾಲಿನಲ್ಲಿ. ಪಡುವಣದಿಂದ ಬರೋ ಮೋಡವನ್ನು ಈ ಸಾಲು ಹಿಂಡಿಬಿಡುತ್ತೆ. ಆಚೆಗೆ ಕಾಡು, ಕಾಫಿ. ಈಚೆಗೆ, ಮೂಡಲಲ್ಲಿ, ಕಡೂರು ಮತ್ತು ಅಜ್ಜಂಪುರದ ಬಯಲು. ಕಡೂರಿನಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬಂದರೆ ಹೆಚ್ಚು. ಬೆಟ್ಟದ ಮೇಲೆ ನಿಂತು ಕೆಳಗೆ ನೋಡಿ "ವ್ಯೂ ಸೂಪರ್" ಅನ್ನೋರು ನೋಡುತ್ತಿರೋದು ಆ ಬೆಟ್ಟದ ಮಳೆ ನೆರಳನ್ನೇ. ತಂಗಡಿ ಆ ನೆರಳಿನ ಗಿಡ. ಬೆಟ್ಟದ ಮೇಲೆ ತಂಗಡಿ ಹಾಕಿ ಅಂತ ನಾನು ಕೇಳ್ತಿಲ್ಲ, ಅಲ್ಲಿನ ಮಂಜು ಅದಕ್ಕೆ ಬೇಕಿಲ್ಲ. ಆದರೆ ಒಂದು ವಿಚಿತ್ರ ನೋಡಿ. ಬೆಟ್ಟದ ಹೆಸರಿನಲ್ಲೇ ಕೆಮ್ಮಣ್ಣು ಇದೆ, ಗುಂಡಿ ಇದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದಿದ್ದು ಅಲ್ಲಿಂದ. ಆಗ ಆ ಕೆಂಪು ಮಣ್ಣು ಸಂಪತ್ತು. ಆಮೇಲೆ ತೋಟಗಾರಿಕೆಯವರು ಗುಲಾಬಿ ಬೆಳೆಸಿದರು, ಅದು ಪ್ರವಾಸಿ ತಾಣ. ಅದೇ ಬೆಟ್ಟದ ಬುಡದಿಂದ ಆಚೆಗೆ ಕೆಂಪು ಮಣ್ಣಿನಲ್ಲಿ ತಂಗಡಿ ನಿಂತರೆ ಮಾತ್ರ ಖರಾಬು!

ಈ ಖರಾಬು ಅನ್ನೋ ಪದದ ಮೇಲೆ ನನಗೆ ಸಿಟ್ಟು ಬರೋದಕ್ಕೆ ನನ್ನ ಕಸುಬೂ ಕಾರಣ. ನಾನು ದಿನಾ ಡೇಟಾಬೇಸ್ ಜೊತೆ ಗುದ್ದಾಡೋನು. ಯಾವುದೇ ಟೇಬಲ್ಲಿನಲ್ಲಿ ಒಂದು ಕಾಲಂ ಇಲ್ಲ ಅಂದರೆ ಆ ವಸ್ತು ಆ ವ್ಯವಸ್ಥೆಯ ಲೆಕ್ಕಕ್ಕೇ ಇಲ್ಲ. ನಮ್ಮ ಪಹಣಿಯನ್ನೇ ತಗೊಳ್ಳಿ. ಭೂಮಿ ಯೋಜನೆಯಲ್ಲಿ ಇಡೀ ರಾಜ್ಯದ ಪಹಣಿಗಳು ಕಂಪ್ಯೂಟರಿಗೆ ಬಂದವು. ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಗದದಲ್ಲಿದ್ದ ಹಳೇ ವಿಂಗಡಣೆಯೇ ಕಂಪ್ಯೂಟರಿಗೂ ಬಂತು. ಸಾಗುವಳಿ ಆಗೋದು ಒಂದು, ಉಳಿದಿದ್ದು ಖರಾಬು. ಬೆಳೆ ಕಾಲಮ್ಮಿನಲ್ಲಿ ರಾಗಿ ಬರೆಯಬಹುದು, ತೊಗರಿ ಬರೆಯಬಹುದು, ತೆಂಗು, ಅಡಿಕೆ ಬರೆಯಬಹುದು. ತಂಗಡಿ ಅಂತ ಬರೆದಿರೋ ಪಹಣಿ ನಾನಂತೂ ನೋಡಿಲ್ಲ. ದೇಶದ ಮಟ್ಟದಲ್ಲೂ ಇದೇ ಕಥೆ. ಉಪಗ್ರಹದ ಚಿತ್ರ ಇಟ್ಟುಕೊಂಡು ಕೇಂದ್ರ ಸರ್ಕಾರ ಹೊರತರುವ ಪಾಳು ಭೂಮಿ ಅಟ್ಲಾಸಿನಲ್ಲಿ ಕುರುಚಲು ಗಿಡ ಇರುವ ನೆಲವೇ ಪಾಳಿನ ಒಂದು ವರ್ಗ. ಗಿಡ ಇದೆ ಅಂತ ಉಪಗ್ರಹಕ್ಕೆ ಕಾಣುತ್ತೆ, ಆದರೂ ಅದು ಪಾಳು!

ನಮ್ಮ ದೊಡ್ಡಪ್ಪನ ಹತ್ತಿರ ಒಮ್ಮೆ "ತಂಗಡಿ ಯಾರೂ ಯಾಕೆ ಬೆಳೆಯಲ್ಲ?" ಅಂತ ಕೇಳಿದ್ದೆ. "ತಂಗಡಿ ಬೆಳೆಯೋದೇನೋ ಮಗಾ? ಅದು ಬರುತ್ತೆ" ಅಂದರು. ಇಡೀ ವಿಷಯ ಆ ಎರಡು ಕ್ರಿಯಾಪದದಲ್ಲೇ ಇದೆ. ಬೆಳೆಯೋದಕ್ಕೆ ಒಡೆಯ ಇರ್ತಾನೆ, ಸಾಲ ಇರುತ್ತೆ, ಸಬ್ಸಿಡಿ ಇರುತ್ತೆ, ವಿಮೆ ಇರುತ್ತೆ. ಬರೋದಕ್ಕೆ ಇವು ಯಾವುದೂ ಇಲ್ಲ. ಬಂದಿದ್ದನ್ನು ಜನ ಬಳಸುತ್ತಿದ್ದರು, ಅಷ್ಟೇ. ಏನೇನಕ್ಕೆ ಬಳಸುತ್ತಿದ್ದರು ಅಂತ ನೋಡೋಣ.

ಮೊದಲನೆಯದು ಹಸಿರೆಲೆ ಗೊಬ್ಬರ. ಹೊಂಗೆ ಸೊಪ್ಪು, ಎಕ್ಕದ ಸೊಪ್ಪು, ತಂಗಡಿ ಸೊಪ್ಪು ಕಡಿದು ತಂದು ಗದ್ದೆಗೆ ಹಾಕಿ ತುಳಿಯುವುದು, ತೆಂಗಿನ ಪಾತಿಗೆ ತುಂಬುವುದು. ಸವಳು ನೆಲಕ್ಕೂ ಈ ಸೊಪ್ಪು ಒಳ್ಳೆಯದು ಅನ್ನೋದು ರೈತರಿಗೂ ಗೊತ್ತು, ಕೃಷಿ ವಿಜ್ಞಾನಿಗಳಿಗೂ ಗೊತ್ತು. ಎರಡನೆಯದು ಹಲ್ಲುಜ್ಜುವ ಕಡ್ಡಿ. ಮೂರನೆಯದು ಹಳ್ಳಿಯ ಔಷಧ. ಇದಕ್ಕೆ ಆಮೇಲೆ ಬರ್ತೀನಿ.

ನಾಲ್ಕನೆಯದು, ಎಲ್ಲಕ್ಕಿಂತ ದೊಡ್ಡದು, ಚರ್ಮ ಹದ ಮಾಡುವುದು. ತಂಗಡಿ ತೊಗಟೆಯಲ್ಲಿ ನೂರಕ್ಕೆ 18ರ ಆಸುಪಾಸು ಟ್ಯಾನಿನ್ ಇದೆ. ದಕ್ಷಿಣ ಭಾರತದ ಚರ್ಮದ ಉದ್ಯಮ ನಿಂತಿದ್ದೇ ಈ ತೊಗಟೆಯ ಮೇಲೆ, ಕೊನೆಯ ಹದಕ್ಕೆ ಅಳಲೆಕಾಯಿ. ಮದರಾಸಿನಿಂದ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿದ್ದ ಹದ ಮಾಡಿದ ಚರ್ಮದ ಹಿಂದೆ ಇದ್ದಿದ್ದು ನಮ್ಮ ಬಯಲುಸೀಮೆಯ ಕುರುಚಲು. ಆಮೇಲೆ 20ನೇ ಶತಮಾನದಲ್ಲಿ ದಕ್ಷಿಣ ಆಫ್ರಿಕಾದಿಂದ ವಾಟಲ್ ತೊಗಟೆ ಬಂತು. ನೀಲಗಿರಿಯಲ್ಲಿ ವಾಟಲ್ ಮರವನ್ನೇ ನೆಟ್ಟರು, ಈಗ ಅದು ಅಲ್ಲಿನ ಶೋಲಾ ಹುಲ್ಲುಗಾವಲನ್ನು ನುಂಗಿ ಕೂತಿದೆ. ಅದರ ಜೊತೆಗೆ ಕ್ರೋಮಿಯಂ ಬಂತು. ತಂಗಡಿ ತೊಗಟೆಯಲ್ಲಿ ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಕ್ರೋಮ್ ಉಪ್ಪಿನಲ್ಲಿ ಬೇಗ ಮುಗಿಯುತ್ತಿತ್ತು. ಲಾಭವೇನೋ ಬಂತು. ಪಾಲಾರ್ ನದಿ ಏನಾಯಿತು ಅಂತ 1996ರಲ್ಲಿ ವೆಲ್ಲೂರು ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು ಹೇಳುತ್ತೆ. ರಾಣಿಪೇಟೆಯಲ್ಲಿ ಮುಚ್ಚಿಹೋದ ಒಂದು ಕ್ರೋಮಿಯಂ ಕಾರ್ಖಾನೆ ಒಂದು ಲಕ್ಷ ಟನ್ನಿಗೂ ಹೆಚ್ಚು ವಿಷದ ರಾಶಿ ಬಿಟ್ಟು ಹೋಯಿತು. ತೊಗಟೆಯ ಹದದಿಂದ ನೀರು ಕೆಡಲ್ಲ ಅಂತ ಸುಳ್ಳು ಹೇಳಲ್ಲ, ಕೆಡುತ್ತೆ. ಆದರೆ ತಂಗಡಿಯ ಕಪ್ಪು ನೀರಿಗೂ ಕ್ರೋಮಿಯಂ ವಿಷಕ್ಕೂ ವ್ಯತ್ಯಾಸ ಇಲ್ಲವೇ?

ಇಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯ ಇದೆ. ತಂಗಡಿ ತೊಗಟೆ ಸುಲಿದು, ಕುಟ್ಟಿ, ತೊಟ್ಟಿಗೆ ಹಾಕಿ ಚರ್ಮ ಹದ ಮಾಡುತ್ತಿದ್ದವರು ಯಾರು? ಮಾದಿಗರು, ಸಮಗಾರರು. ಬಾವಿಯಿಂದ ನೀರು ಸೇದುವ ಕಪಿಲೆಯ ಬಾನೆ, ಎತ್ತಿನ ಮಿಣಿ, ಕಾಲಿನ ಮೆಟ್ಟು, ಇಡೀ ಒಕ್ಕಲುತನಕ್ಕೆ ಬೇಕಾದ ತೊಗಲಿನ ಸಾಮಾನು ಅವರ ಕೈಯಿಂದ ಬರಬೇಕಿತ್ತು. ಆ ಕೈಗೆ ಊರು ಕೊಟ್ಟ ಬೆಲೆ ಏನು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅವರಲ್ಲಿ ಹೆಚ್ಚಿನವರಿಗೆ ಪಹಣಿಯೇ ಇರಲಿಲ್ಲ. ಅವರ ಗಿಡ ಪಹಣಿಯ ಬೆಳೆ ಕಾಲಮ್ಮಿಗೆ ಬರೋದಾದರೂ ಹೇಗೆ? ನೆಲ ಇದ್ದವನ ಗಿಡ ಬೆಳೆ, ನೆಲ ಇಲ್ಲದವನ ಗಿಡ ಕಳೆ. ಕಳೆ ಅನ್ನೋದು ಸಸ್ಯಶಾಸ್ತ್ರದ ಪದ ಅಂತ ಅಂದುಕೊಂಡಿದ್ದರೆ ಇನ್ನೊಂದು ಸಲ ಯೋಚನೆ ಮಾಡಿ.

ಈಗ ಖರಾಬು ಅಂದ ನೆಲಕ್ಕೆ ಏನಾಗುತ್ತೆ ಅಂತ ನೋಡಿ. ನಮ್ಮ ಅಜ್ಜಂಪುರದಲ್ಲಿ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರ ಇದೆ. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಆಯಿತು. ಆ ದನಗಳಿಗೆ ಅಂತ ಮೀಸಲಿಟ್ಟ ಕಾವಲುಗಳು ಒಂದು ಕಾಲದಲ್ಲಿ ನಾಲ್ಕು ಲಕ್ಷ ಎಕರೆಗೂ ಹೆಚ್ಚು ಇದ್ದವು. ಈಗ ಉಳಿದಿರೋದು ಅದರ ಒಂದು ಸಣ್ಣ ಪಾಲು. "ಖಾಲಿ ಬಿದ್ದಿದೆ" ಅನ್ನೋ ಒಂದೇ ಮಾತಿನಲ್ಲಿ ಒಂದೊಂದೇ ಕಾವಲು ಹೋಯಿತು. ಚಳ್ಳಕೆರೆಯ ಕಡೆ ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಇನ್ನು ಕೆಲವಕ್ಕೆ ನೀಲಗಿರಿ ಬಂತು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನೀಲಗಿರಿ ನೆಟ್ಟಿದ್ದೇ ನೆಟ್ಟಿದ್ದು. ರೈತರು ಕಿತ್ತು ಹಾಕಿದರು, ಜಗಳ ಆಯಿತು. ಕೊನೆಗೆ 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡಬಾರದು ಅಂತ ಆದೇಶ ಹೊರಡಿಸಿತು. ಮೂವತ್ತು ವರ್ಷ ಬೇಕಾಯಿತು ಅದಕ್ಕೆ!

ಆ ಕಾವಲಿನಲ್ಲಿ ಏನಿದೆ ಅಂತ ಕೇಳೋರಿಗೆ ಕಡೂರು ತಾಲೂಕಿನ ಬಾಸೂರು ಕಾವಲು ಉತ್ತರ. ಕುರುಚಲು, ಹುಲ್ಲು, ಅದರ ಮಧ್ಯೆ ಕೃಷ್ಣಮೃಗ. 2011ರಲ್ಲಿ ಅದನ್ನು ಸಂರಕ್ಷಣಾ ಮೀಸಲು ಅಂತ ಘೋಷಿಸಿದರು. ಹೆಸರು ಬದಲಾಗಿದ್ದಕ್ಕೆ ಅದಕ್ಕೊಂದು ಕಾವಲು ಸಿಕ್ಕಿತು. ಹಾಗೆ ಹೆಸರು ಸಿಗದ ಮಿಕ್ಕ ಕಾವಲು, ಗೋಮಾಳಗಳ ಗತಿ?

ತಮಾಷೆ ಗೊತ್ತಾ? ತಂಗಡಿಯ ದಾಯಾದಿ ಒಂದಿದೆ, ಸೆನ್ನಾ ಸ್ಪೆಕ್ಟಾಬಿಲಿಸ್. ಅಮೆರಿಕ ಖಂಡದ ಮರ, ಅದಕ್ಕೂ ಹಳದಿ ಹೂವು. ಚೆಂದಕ್ಕೆ, ನೆರಳಿಗೆ ಅಂತ ತಂದು ನೆಟ್ಟರು. ವಯನಾಡಿನಲ್ಲಿ ಅರಣ್ಯ ಇಲಾಖೆಯೇ ನೆಟ್ಟಿತು. ಈಗ ಅದು ಬಂಡೀಪುರ, ನಾಗರಹೊಳೆಗೂ ನುಗ್ಗಿದೆ. ಅದರ ಕೆಳಗೆ ಹುಲ್ಲು ಬರಲ್ಲ, ಜಿಂಕೆಗೆ ಮೇವಿಲ್ಲ. ಕೀಳೋಕೆ ಮತ್ತೆ ದುಡ್ಡು, ಕಿತ್ತರೂ ಮತ್ತೆ ಚಿಗುರುತ್ತೆ. ಹೊರಗಿನ ಸೆನ್ನಾ ನೆಡೋಕೂ ಖರ್ಚು, ಕೀಳೋಕೂ ಖರ್ಚು. ಇಲ್ಲೇ ಹುಟ್ಟಿದ ಸೆನ್ನಾ ಪುಕ್ಕಟೆ ಬಂದರೆ ಅದಕ್ಕೆ ಜೆಸಿಬಿ!

ಜೆಸಿಬಿ ಅಂದೆ, ಅಡಿಕೆ ನೆನಪಾಯಿತು. ತರೀಕೆರೆ, ಅಜ್ಜಂಪುರ, ಕಡೂರು ಕಡೆ ಹೊಲ ಸಮ ಮಾಡಿ, ಬದು ಒಡೆದು, ತಂಗಡಿ ಬೇರುಸಮೇತ ಕಿತ್ತು, ಬೋರ್ ಹಾಕಿ ಅಡಿಕೆ ಇಡೋದು ಎಷ್ಟೋ ವರ್ಷದಿಂದ ನಡೆದಿದೆ. ಅಡಿಕೆ ಇಟ್ಟವರನ್ನು ಬೈಯೋ ಹಕ್ಕು ನನಗಿಲ್ಲ, ತಿಂಗಳ ಸಂಬಳ ತಗೊಳ್ಳೋನು ನಾನು. ಆದರೆ 600 ಮಿ.ಮೀ. ಮಳೆಯ ನೆಲದಲ್ಲಿ ಮಲೆನಾಡಿನ ಬೆಳೆ ಇಡು ಅಂತ ಪ್ರೋತ್ಸಾಹ ಕೊಡೋರನ್ನು ಕೇಳೋ ಹಕ್ಕು ಇದೆ. 2023ರಲ್ಲಿ ರಾಜ್ಯದ 220ಕ್ಕೂ ಹೆಚ್ಚು ತಾಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದರು. ಮುಂದಿನ ಬೇಸಿಗೆಯಲ್ಲಿ ತೋಟಗಳಿಗೆ ಟ್ಯಾಂಕರಿನಲ್ಲಿ ನೀರು ಹೊಡೆದರು. ಆ ವರ್ಷ ತಂಗಡಿಗೆ ಯಾವ ಟ್ಯಾಂಕರೂ ಬರಲಿಲ್ಲ, ಅದು ಹೂ ಬಿಟ್ಟಿತು.

ಇನ್ನು ತಂಗಡಿಯ ಪರವಾಗಿ ಮಾತಾಡೋ ಸ್ನೇಹಿತರಿಗೂ ಎರಡು ಮಾತು ಹೇಳಬೇಕು. ಸುಳ್ಳು ವಾದ ಬೇಡ, ಗಿಡಕ್ಕೇ ಕೆಟ್ಟ ಹೆಸರು.

"ಬಟಾಣಿ ಕುಟುಂಬದ ಗಿಡ, ಬೇರಿನಲ್ಲಿ ಗಂಟು ಕಟ್ಟಿ ಸಾರಜನಕ ಹಿಡಿಯುತ್ತೆ" ಅಂತ ಹಲವರು ಹೇಳ್ತಾರೆ. ಇಲ್ಲ. ಸೆನ್ನಾ ಜಾತಿಯ ಗಿಡಗಳು ಬೇರುಗಂಟು ಕಟ್ಟೋದಿಲ್ಲ. ಅವರೆ, ಹುರುಳಿ ಮಾಡುವ ಕೆಲಸ ಇದು ಮಾಡಲ್ಲ. ಇದರ ಗೊಬ್ಬರದ ಗುಣ ಇರೋದು ಸೊಪ್ಪಿನಲ್ಲಿ. ಬೇರು ಆಳದಿಂದ ಎತ್ತಿ ತಂದಿದ್ದನ್ನು ಸೊಪ್ಪು ಕಡಿದು ಹಾಕಿದರೆ ಮಣ್ಣಿಗೆ ಕೊಡುತ್ತೆ. ಅಷ್ಟೇ ಸಾಕಲ್ಲ, ಇನ್ನೊಂದು ಕಿರೀಟ ಯಾಕೆ?

ಎರಡನೆಯದು ಸಕ್ಕರೆ ಕಾಯಿಲೆ. ಆವರಿಕೆ ಹೂವಿನ ಕಷಾಯ ಸಿದ್ಧ ವೈದ್ಯದಲ್ಲಿ ಇದೆ, ಶ್ರೀಲಂಕಾದಲ್ಲಿ ರಣವರಾ ಅಂತ ಚಹಾದ ಹಾಗೆ ಕುಡೀತಾರೆ, ಎಲ್ಲ ನಿಜ. ಇಲಿಗಳ ಮೇಲೆ ಪ್ರಯೋಗಗಳೂ ಆಗಿವೆ. ಅಷ್ಟಕ್ಕೇ ವಾಟ್ಸಾಪಿನಲ್ಲಿ "ಶುಗರ್ ಮಾಯ" ಅಂತ ಫಾರ್ವರ್ಡ್ ಮಾಡಿ ಜನ ಮಾತ್ರೆ ಬಿಡೋ ಹಾಗೆ ಮಾಡೋದು ಪಾಪದ ಕೆಲಸ. ಇದರ ಇನ್ನೊಂದು ದಾಯಾದಿ ಸೆನ್ನಾ ಆಕ್ಸಿಡೆಂಟಾಲಿಸ್, ಅದೂ ಹಳದಿ ಹೂವೇ, ರಸ್ತೆ ಪಕ್ಕದಲ್ಲೇ ಇರುತ್ತೆ. ಅದರ ಬೀಜ ತಿಂದು ಪಶ್ಚಿಮ ಉತ್ತರ ಪ್ರದೇಶದಲ್ಲಿ ಮಕ್ಕಳು ಸತ್ತಿದ್ದಾರೆ. ಹಳದಿ ಹೂ ಕಂಡಲ್ಲೆಲ್ಲ ಕಿತ್ತು ಕುದಿಸೋರು ಸ್ವಲ್ಪ ನೋಡಿಕೊಳ್ಳಿ.

"ದನ ತಿನ್ನಲ್ಲ, ಏನು ಪ್ರಯೋಜನ?" ಅನ್ನೋರಿಗೆ: ತಿನ್ನಲ್ಲ ಅಂತಲೇ ಅದು ಉಳಿದಿರೋದು. ಮೇಯಿಸಿ ಮೇಯಿಸಿ ಬರಡಾದ ಗುಡ್ಡದಲ್ಲಿ ಮಣ್ಣು ಹಿಡಿದುಕೊಂಡು ನಿಂತಿರೋ ಗಿಡ ಅದೊಂದೇ ಆಗಿದ್ದರೆ ತಪ್ಪು ಗಿಡದ್ದಲ್ಲ. ಹಾಗಂತ ಹುಲ್ಲುಗಾವಲೆಲ್ಲ ತಂಗಡಿ ತುಂಬಿಸಿ ಅಂತಲೂ ನಾನು ಹೇಳ್ತಿಲ್ಲ. ಹುಲ್ಲಿನ ಜಾಗ ಹುಲ್ಲಿಗೇ ಇರಲಿ.

ಹಾಗಾದರೆ ಏನು ಮಾಡಬೇಕು? ಬೆಳೆಸಿ. ಬದುವಿನ ಮೇಲೆ, ಬೇಲಿ ಸಾಲಿನಲ್ಲಿ, ತೆಂಗಿನ ತೋಟದ ಅಂಚಿನಲ್ಲಿ. ಕಷ್ಟ ಏನಿಲ್ಲ. ಒಣಗಿದ ಕಾಯಿಯಿಂದ ಬೀಜ ಬಿಡಿಸಿ. ಸಿಪ್ಪೆ ಬಲು ಗಟ್ಟಿ, ನೀರು ಒಳಗೆ ಹೋಗಲ್ಲ. ಕುದಿಸಿ ಒಲೆಯಿಂದ ಇಳಿಸಿದ ನೀರಿಗೆ ಹಾಕಿ ರಾತ್ರಿಯೆಲ್ಲ ನೆನೆಯೋಕೆ ಬಿಡಿ, ಬೆಳಿಗ್ಗೆ ಉಬ್ಬಿದ ಬೀಜ ಆರಿಸಿ ಮುಂಗಾರಿನ ಹದಕ್ಕೆ ನೇರವಾಗಿ ಊರಿ. ಮೊದಲ ವರ್ಷ ಕಳೆ (ಹೌದು, ತಂಗಡಿಗೂ ಕಳೆ ಇರುತ್ತೆ!) ತೆಗೆದರೆ ಸಾಕು. ಆಮೇಲೆ ಕಡಿದಷ್ಟೂ ಚಿಗುರು, ಚಿಗುರಿದಷ್ಟೂ ಸೊಪ್ಪು.

ಸಸಿ ಬೇಕು ಅಂತ ನಾನು ಒಂದು ಸರ್ಕಾರಿ ನರ್ಸರಿಗೆ ಹೋಗಿದ್ದೆ, ಯಾವುದು ಅಂತ ಹೇಳಲ್ಲ. "ತಂಗಡಿನಾ? ಅದನ್ನ ಯಾರ್ ಸಾರ್ ಹಾಕ್ತಾರೆ, ತಬೂಬಿಯಾ ಇದೆ, ತಗೊಂಡ್ ಹೋಗಿ, ಹಳದಿ ಹೂವೇ" ಅಂದರು. ಅವರ ತಪ್ಪಲ್ಲ, ಅವರ ಪಟ್ಟಿಯಲ್ಲೂ ಕಾಲಂ ಇಲ್ಲ. ಅದಕ್ಕೇ ನನ್ನ ಬೇಡಿಕೆ ಪಟ್ಟಿಯದ್ದೇ. ಅರಣ್ಯ ಮತ್ತು ತೋಟಗಾರಿಕೆ ನರ್ಸರಿಗಳ ಪಟ್ಟಿಯಲ್ಲಿ ತಂಗಡಿ ಬರಲಿ. ಜಲಾನಯನ ಕೆಲಸದಲ್ಲಿ ಬದು ಹಾಕಿದರೆ ಅದರ ಮೇಲೆ ಊರುವ ಬೀಜಗಳಲ್ಲಿ ತಂಗಡಿ ಇರಲಿ. ಕಾವಲು, ಗೋಮಾಳದ ಕಾಗದದಲ್ಲಿ ಖರಾಬು ಅಂತ ಬರೆಯೋ ಬದಲು ಅಲ್ಲಿ ನಿಜವಾಗಿ ಏನಿದೆ ಅಂತ ಬರೆಯಲಿ: ಹುಲ್ಲು, ತಂಗಡಿ, ಕಾರೆ, ಬಾರೆ. ಬರೆದಿದ್ದನ್ನು ಕೊಡೋಕೆ ಮುಂಚೆ ಯಾರಾದರೂ ಓದಬೇಕಾಗುತ್ತೆ. ಖಾಲಿ ಅಂತ ಬರೆದಿದ್ದನ್ನು ಯಾರೂ ಓದೋದಿಲ್ಲ.

ತೆಲಂಗಾಣ 2014ರಲ್ಲಿ ಹುಟ್ಟಿದ ರಾಜ್ಯ. ಅವರು ತಂಗೇಡನ್ನೇ ರಾಜ್ಯದ ಹೂವು ಮಾಡಿಕೊಂಡರು. ಬತುಕಮ್ಮ ಹಬ್ಬದಲ್ಲಿ ಹೆಣ್ಣುಮಕ್ಕಳು ಈ ಹೂವನ್ನು ಗೋಪುರದ ಹಾಗೆ ಜೋಡಿಸಿ ಸುತ್ತ ಕುಣಿಯುತ್ತಾರೆ. ನಮ್ಮ ರಾಜ್ಯದ ಹೂವು ಕಮಲ. ಇರಲಿ, ಕಮಲದ ಮೇಲೆ ನನಗೇನೂ ಕೋಪ ಇಲ್ಲ. ಆದರೆ ಕಮಲಕ್ಕೆ ಕೆರೆಯಲ್ಲಿ ನೀರು ಇರಬೇಕು. ಕಡೂರು ಕಡೆಯ ಕೆರೆಗಳಲ್ಲಿ ನೀರು ಎಷ್ಟಿರುತ್ತೆ ಅಂತ ನೋಡಿಕೊಂಡು ಮಾತಾಡೋಣ.

ಇಷ್ಟು ಓದಿದವರು ಒಂದು ಕೆಲಸ ಮಾಡಿ. ನಿಮ್ಮೂರಲ್ಲಿ ಈ ಗಿಡಕ್ಕೆ ಏನಂತಾರೆ, ಏನೇನಕ್ಕೆ ಬಳಸುತ್ತಿದ್ದರು ಅಂತ ಮನೆಯ ಹಿರಿಯರನ್ನು ಕೇಳಿ ಬರೀರಿ. ಇಲ್ಲೇ ಬರೀರಿ, ಇಲ್ಲ ನಿಮ್ಮ ಬ್ಲಾಗಿನಲ್ಲೇ ಬರೀರಿ. ಸರ್ಕಾರದ ಕಾಲಂ ಬರೋ ತನಕ ನಮ್ಮ ಕಾಲಮ್ಮಿನಲ್ಲಾದರೂ ತಂಗಡಿ ಇರಲಿ. ಅಲ್ಲ, ಅದು ಕಳೆಯೇ ಅನ್ನೋರು ಇದ್ದರೆ ಅವರೂ ಬನ್ನಿ, ಜಗಳ ಆಡೋಣ.